ಮೂತಿ ಭಾರ

ಶನಿವಾರ ಸಂಜೆ, ಕೋಡಿಬಾಗದಲ್ಲಿ, ಇನಾಸನ ಶೆಡ್ಡಿನ ಮುಂದೆ
ಹಿಂದಿನ ಸೀಟು ಬಿಚ್ಚಿ ಹೊರಗಿಟ್ಟೆವು.
ಸಂದಿಯಲ್ಲಿ ಸಿಕ್ಕಿದ್ದು ಎರಡು ರೂಪಾಯಿ, ಒಂದು ಹೇರ್‌ಪಿನ್ನು,
ಯಾವ ಕಾಲದ್ದೋ ಬಂಗಡೆಯ ಒಣ ಬಾಲ.
ಸ್ಟೆಪ್ನಿ, ಜಾಕು, ಮ್ಯಾಟು, ಮಗಳ ಛತ್ರಿ.
ಡ್ಯಾಶ್‌ಬೋರ್ಡಿನ ಗಣಪತಿಯನ್ನೂ ಕಿತ್ತು
ಅಂಗೈಯಲ್ಲಿ ತೂಗಿ ನೋಡಿದ ಇನಾಸ:
‘ನಲವತ್ತು ಗ್ರಾಂ. ಇರ್ಲಿ ಬಿಡಿ.’

ಒಟ್ಟು ಮೂವತ್ತೊಂದು ಕೆಜಿ ಇಳಿಯಿತು.
ಉಳಿದದ್ದನ್ನು ಸಮುದ್ರ ಇಳಿಸುತ್ತಿದೆ.
ಬಾಗಿಲಿನ ಅಡಿ, ಬಾನೆಟ್ಟಿನ ಅಂಚು, ಚಕ್ರದ ಮೇಲಿನ ಕಮಾನು,
ಇಪ್ಪತ್ತೈದು ವರ್ಷದಿಂದ ಉಪ್ಪುಗಾಳಿ
ಕೂಲಿ ಕೇಳದೆ ಕೆರೆಯುತ್ತಿದೆ.
ಬೆರಳಿಟ್ಟರೆ ಚಾದಲ್ಲಿ ಅದ್ದಿದ ಬಿಸ್ಕೀಟು.
‘ಇನ್ನೂ ಹಗುರ ಬೇಕಾದ್ರೆ
ಎರಡು ಮಳೆಗಾಲ ತಡೀರಿ.’

ಕೈಗಾದಿಂದ ನಿವೃತ್ತರಾದ ಇಂಜಿನಿಯರೊಬ್ಬರ ಗಾಡಿ ಇದು,
ಎಸ್ಟೀಮು, ಬೂದು ಬಣ್ಣ.
ಅವರು ಐವತ್ತು ದಾಟಿಸಿದ್ದೇ ಇಲ್ಲವಂತೆ.
ಮಾರುವಾಗ ಸರ್ವೀಸ್ ಪುಸ್ತಕವನ್ನು
ಜಾತಕ ಕೊಡುವವರ ಹಾಗೆ ಎರಡೂ ಕೈಯಲ್ಲಿ ಕೊಟ್ಟಿದ್ದರು.
ಪೇಟೆಯಲ್ಲಿ ಅವರು ಕಂಡರೆ ಈಗ
ಸ್ಪ್ರಿಂಗು ಕತ್ತರಿಸಿ ತಗ್ಗಿಸಿದ ಗಾಡಿಯನ್ನು
ತರಕಾರಿ ಟೆಂಪೋದ ಹಿಂದೆ ಮರೆಸುತ್ತೇನೆ.

ವಾರವೆಲ್ಲ ಆಸ್ಪತ್ರೆಯ ಲ್ಯಾಬಿಗೆ ಹೋಗುವ ಗಾಡಿ,
ಅತ್ತೆಯ ಮಂಡಿನೋವಿನ ಗಾಡಿ, ಗ್ಯಾಸ್ ಸಿಲಿಂಡರಿನ ಗಾಡಿ.
ಬೈತಖೋಲದಿಂದ ಇಸೋಣ ತಂದರೆ ಮೂರು ದಿನ ನಾರುವ ಗಾಡಿ.

ಭಾನುವಾರ, ಅಂಕೋಲೆಯ ಈಚೆ,
ಹಿಂದೊಮ್ಮೆ ಅದಿರು ಒಟ್ಟುತ್ತಿದ್ದ ಕೆಂಪು ಬಯಲು.
ಟಾರು ಡ್ರಮ್ಮುಗಳೇ ತಿರುವು, ಸುಣ್ಣದ ಗೆರೆಯೇ ಕೊನೆ.
ಮೈಕಿನಲ್ಲಿ: ‘ನಂಬರ್ ಹದಿನೇಳು, ಸುಜಲಾ ಹರಿಕಂತ್ರ, ಮಹಿಳಾ ವಿಭಾಗ.’
ಮಹಿಳಾ ವಿಭಾಗದಲ್ಲಿ ನಾನೊಬ್ಬಳೇ.
ಮೊದಲ ಸ್ಥಾನವೂ ನನ್ನದು, ಕೊನೆಯದೂ.
ಆ ಕಪ್ಪಿನಲ್ಲಿ ಮಗಳು ಪೆನ್ಸಿಲು ಇಡುತ್ತಾಳೆ.
ನನಗೆ ಬೇಕಾದದ್ದು ಮೂರನೇ ಡ್ರಮ್ಮು.

ಅಲ್ಲಿ ಗಾಡಿ ತಿರುಗುವುದಿಲ್ಲ.
ಸ್ಟೀರಿಂಗು ಪೂರಾ ಎಡಕ್ಕೆ, ಮೂತಿ ಮಾತ್ರ ನೆಟ್ಟಗೆ,
ದಾಬ ಹಿಡಿದೆಳೆದರೂ ಬಾರದ ಎಮ್ಮೆ.
ಒಂದು ನಿಮಿಷ ಇಪ್ಪತ್ತನಾಲ್ಕು ಪಾಯಿಂಟ್ ಆರು.
ಇನಾಸ ಟೈರಿನ ಗಾಳಿ ಇಳಿಸಿದ, ಏರಿಸಿದ.
ಮತ್ತೆ ಇಪ್ಪತ್ತನಾಲ್ಕು ಪಾಯಿಂಟ್ ಆರು.
ಇನಾಸ ಬೀಡಿ ಹಚ್ಚಿದ.

ರಾತ್ರಿ ಊಟಕ್ಕೆ ಕೂತಾಗ ಹೇಳಿಕೊಂಡೆ, ಯಾರಿಗೂ ಅಂತಲ್ಲ.
ಅತ್ತೆ ಮುಳ್ಳು ಬಿಡಿಸುತ್ತ, ತಲೆ ಎತ್ತದೆ:
‘ಮೂತಿ ಭಾರ ಇರ್ಬೇಕು.
ನಿನ್ನ ಮಾವ ತಾಂಡೇಲ ಇದ್ದಾಗ
ಹೊಸ ಹುಡುಗ್ರು ಬಲೆ ಎಲ್ಲ ಮುಂದೇ ರಾಶಿ ಹಾಕೂರು.
ಮೂಗು ನೀರಿಗೆ ಊರಿದ ದೋಣಿ
ಚುಕ್ಕಾಣಿ ಮಾತು ಕೇಳ್ತದಾ?
ಹಿಂದೆ ಎಳೀರಾ ಅಂತ ಬೈದೂ ಬೈದೂ ಗಂಟ್ಲು ಹೋಗಿತ್ತು.’
ಆಮೇಲೆ, ‘ಸಾರು ಹಾಕ್ಲಾ?’

ಮರುವಾರ ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸಿದೆವು.
ಹದಿಮೂರು ಕೆಜಿ; ಉದ್ದದ ಒಂದು ಕೇಬಲ್ಲು.
ಮೂರನೇ ಡ್ರಮ್ಮಿಗೆ ಕಾಲನ್ನು ಒಂದಿಷ್ಟು ಮೊದಲೇ ಎತ್ತಿದೆ.
ಕೇಳಿತು.
ಹಿಂಬದಿ ಒಂದು ಚಣ ಸಡಿಲಾಗಿ
ಹೊಟ್ಟೆಯೊಳಗೆ ನೀರು ತುಳುಕಿದಂತಾಗಿ
ಮತ್ತೆ ನಾಲ್ಕೂ ಚಕ್ರ ನೆಲ ಕಚ್ಚಿತು.
ಇಪ್ಪತ್ತಮೂರು ಪಾಯಿಂಟ್ ಒಂಬತ್ತು.
ಒಂದು ಸೆಕೆಂಡಿನ ಹತ್ತರಲ್ಲಿ ಏಳು ಪಾಲು.
ಆಕಳಿಸಲೂ ಸಾಲದು. ಇನಾಸ ಕುಣಿದ.

ಬರುವಾಗ ಬಿಣಗಾ ಘಟ್ಟದಲ್ಲಿ
ಟ್ಯಾಂಕರಿನ ಹಿಂದೆ ಮೂವತ್ತರಲ್ಲಿ ಬಂದೆ.
ಹಿಂದಿನ ಹುಡುಗರು ಹಾರ್ನು ಒತ್ತಿ, ಬೈದು, ದಾಟಿ ಹೋದರು.
ಹೋಗಲಿ. ಗಾಡಿ ನಿಲ್ಲಲು ಎಷ್ಟು ನೆಲ ಬೇಕೆಂದು
ನಾನು ಡ್ರಮ್ಮು ಗುದ್ದಿಯೇ ಕಲಿತದ್ದು.

ಸೋಮವಾರ ಸೀಟು ಮತ್ತೆ ಒಳಗೆ, ಛತ್ರಿ ಒಳಗೆ.
ಮಂಡಿ ತೋರಿಸಲು ಹೊರಟ ಅತ್ತೆ
ಎಂದಿನಂತೆ ಮುಂದಿನ ಬಾಗಿಲು ತೆಗೆದವರು
ಸೆರಗು ಹಿಡಿದು ಒಂದು ಗಳಿಗೆ ನಿಂತರು.
ಬಾಗಿಲು ಮುಚ್ಚಿ
ಹಿಂದೆ ಹೋಗಿ ಕೂತರು.